ನನ್ನ ಎಡಗೈ ಇರುವ ಊರಿಗೆ

ಬುಧವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಾನು ಮತ್ತು ನನ್ನ ಮೊಮ್ಮಗಳು ಲೀಲಾ ಮೂಡಲಗಿ ಬಿಟ್ಟೆವು. ಮೇ ತಿಂಗಳು. ಅಷ್ಟು ಹೊತ್ತಿಗೇ ಬಸ್ಸಿನ ಕಬ್ಬಿಣ ಕೈಗೆ ಸುಡುತ್ತಿತ್ತು. ಕೈಗೆ ಎಂದರೆ ಬಲಗೈಗೆ. ನನಗೆ ಎಡಗೈ ಇಲ್ಲ. ಇಲ್ಲ ಎಂದು ಬರೆಯುವುದೂ ಪೂರ್ತಿ ಸರಿಯಲ್ಲ. ಅದಕ್ಕೇ ಈ ಪ್ರವಾಸ ಆದದ್ದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ತಪ್ಪಿದ್ದಲ್ಲಿ ನಮ್ಮ ಓಣಿಯವರು ತಿದ್ದಿಕೊಂಡು ಓದಬೇಕು.

ಮೊದಲು ಲೀಲಾಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮಗನ ಮಗಳು. ಕೈಕಾಲು ಕಳೆದುಕೊಂಡವರಿಗೆ ಯಂತ್ರದ ಕೈಕಾಲು ಮಾಡುವ ಸಂಶೋಧನೆ ಅವಳದು. ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಮಲಗಿ ಈ ಮೋಟು ತೋಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಅಜ್ಜಾ, ಇದರಾಗಿಂದ ಮತ್ತ ಕೈ ಯಾವಾಗ ಬರತೈತಿ?” ಎಂದು ಕೇಳಿದ್ದಳು. “ನೀ ದೊಡ್ಡಾಕಿ ಆದ ಮ್ಯಾಲ” ಎಂದಿದ್ದೆ. ನಾನು ಮರೆತೆ, ಅವಳು ಮರೆಯಲಿಲ್ಲ. ಈಗ ಗೋಕಾಕದಲ್ಲಿ ಹದಿನೈದು ದಿನದ ಶಿಬಿರ ಹಾಕಿದ್ದಾರೆ, ಅದಕ್ಕೆ ನನ್ನನ್ನು ಕರೆದುಕೊಂಡು ಹೋಗಲು ತಾನೇ ಬಂದಿದ್ದಳು. ಆ ಬಸ್ಸಿನಲ್ಲಿ ನನ್ನ ಬಾಜೂ ಕುಳಿತವರಿಗೆ, ಮುಂದಿನ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ ಇದನ್ನೆಲ್ಲ ಹೇಳಿದೆ. ಲೀಲಾ ನಾಚಿ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಕಂಡಕ್ಟರ್ ಬಂದ. ಲೀಲಾ ಆಧಾರ್ ಕಾರ್ಡ್ ತೋರಿಸಿ ಹೆಣ್ಣುಮಕ್ಕಳ ಬಿಟ್ಟಿ ಟಿಕೀಟು ಪಡೆದಳು. ನಾನು ದುಡ್ಡು ತೆಗೆದೆ. ಅವನು ನನ್ನ ಖಾಲಿ ತೋಳು ನೋಡಿದ.

“ಕಾಕಾ, ಅಂಗವಿಕಲರ ಪಾಸ್ ತಗಸಿಲ್ಲೇನ್ರಿ?”

“ಇಲ್ರಿ.”

“ಯಾಕ್ರಿ? ಒಂದ ಕೈ ಇಲ್ಲಲ್ರಿ ನಿಮಗ.”

“ಐತ್ರಿ. ಇಲ್ಲಿಲ್ಲ, ಅಷ್ಟ.”

“ಹಂಗಾರ ಅದರ ಟಿಕೀಟೂ ತಗೋರಿ ಮತ್ತ,” ಎಂದ. ಬಸ್ಸಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ನಗುತ್ತಿರುವಾಗಲೇ ಎಡ ಮುಷ್ಟಿ ಇನ್ನಷ್ಟು ಬಿಗಿಯಿತು. ಅಂಗೈಯಲ್ಲಿ ಉಗುರು ಹೊಕ್ಕಂತಾಯಿತು.

ಆ ಕೈ ಹೋದದ್ದು ದಡ್ಡಿಯ ಹತ್ತಿರ ನಮ್ಮ ಹಳೆಯ ಹೊಲದಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಆರು ತಿಂಗಳು. ಘಟಪ್ರಭೆಗೆ ಅಣೆಕಟ್ಟು ಎದ್ದಿತ್ತು, ಮುಂದಿನ ಮಳೆಗಾಲಕ್ಕೆ ಊರೂ ಹೊಲವೂ ಮುಳುಗಿ ನಾವು ಮೂಡಲಗಿಗೆ ಬರುವುದಿತ್ತು. ಕೊನೆಯ ಕಬ್ಬು, ಕೊನೆಯ ಗಾಣ. ಇಂಜಿನ್ನಿನ ಗಾಣ, ಅದರ ಹಲ್ಲಿನ ಚಕ್ರ ಅಂಗಿಯ ತೋಳು ಹಿಡಿಯಿತು. ಎಚ್ಚರ ಬಂದಾಗ ದವಾಖಾನೆಯಲ್ಲಿದ್ದೆ, ಎಡ ಮುಂಗೈ ಅರ್ಧಕ್ಕೆ ಮುಗಿದಿತ್ತು. ಕೈ ಎಲ್ಲಿ ಎಂದು ಅವ್ವನನ್ನು ಕೇಳಿದೆ. “ಮಣ್ಣ ಮಾಡೇವಿ ಮಲ್ಲಾ. ಬೆಲ್ಲ ಕೊಟ್ಟ ಕಳಿಸೇನಿ,” ಎಂದಳು. ಮತ್ತೆ ಸಾಯುವವರೆಗೆ ಆ ಮಾತು ಎತ್ತಲಿಲ್ಲ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ, ಅವರ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ನಾನು ಬದುಕಿದ್ದೆ, ಲಿಂಗ ನನ್ನ ಕೊರಳಲ್ಲಿತ್ತು. ಖಾಲಿ ಕೈ ಕಳಿಸಲು ಅವ್ವನಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಆ ದಿನದ ಬೆಲ್ಲದ ತುಂಡೊಂದನ್ನು ಇಟ್ಟು ಕಳಿಸಿದ್ದಳು.

ಅಂದಿನಿಂದ, ಐವತ್ತು ವರ್ಷಕ್ಕೆ ಹತ್ತಿರ ಬಂತು, ಆ ಕೈ ನನ್ನ ಹತ್ತಿರವೇ ಇದೆ. ಮುಷ್ಟಿ ಮುಚ್ಚಿಕೊಂಡಿದೆ. ತೆರೆಯಲು ಬರುವುದಿಲ್ಲ. ಶ್ರಾವಣದ ಹೊತ್ತಿಗೆ ಅಣೆಕಟ್ಟಿನ ಹಿಂದಿನ ನೀರು ಆ ಹೊಲದ ಮೇಲೆ ಏರಿದಾಗ ಮುಷ್ಟಿ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿ ತುರಿಸುತ್ತದೆ. ಮೂಡಲಗಿಯ ರೈತರು ಕಾಲುವೆಗೆ ನೀರು ಬಿಡುವ ಮುಂಚೆ ನಮ್ಮ ಕಟ್ಟೆಗೆ ಬಂದು, “ಮಲ್ಲಪ್ಪಣ್ಣಾ, ಡ್ಯಾಮಿನಾಗ ನೀರ ಎಷ್ಟ ಆಗೇತಿ, ನಿಮ್ಮ ಕೈ ಏನಂತೈತಿ?” ಎಂದು ನಗಾಡಿ ಚಾಷ್ಟಿ ಮಾಡುತ್ತಾರೆ. ನಾನು ಹೇಳುತ್ತೇನೆ. ಹೇಳಿದ್ದು ತಪ್ಪಿದ್ದು ಕಡಿಮೆ. ಲೀಲಾಳಿಗೆ ಹೇಳಿದಾಗ, “ಎಲ್ಲೋ ಸುದ್ದಿ ಕೇಳಿರತಿ ಅಜ್ಜಾ, ಆಮ್ಯಾಲ ಕೈಗೆ ತಣ್ಣಗ ಅನಸತೈತಿ” ಎಂದಿದ್ದಳು. ಇರಬಹುದು. ಅವಳು ಓದಿದವಳು.

ಇನ್ನೊಂದು ಮಾತು ಹೇಳಬೇಕು, ನನಗೆ ಈ ಯಂತ್ರದ ಕೈ ಯಾಕೆ ಬೇಕಿತ್ತು ಎಂಬುದು. ಲಿಂಗಪೂಜೆಗೆ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಬಲಗೈಯಿಂದ ವಿಭೂತಿ ಹಚ್ಚಬೇಕು, ಪತ್ರಿ ಏರಿಸಬೇಕು. ನನಗೆ ಅಂಗೈ ಇಲ್ಲ. ನನ್ನ ಹೆಂಡತಿ ಗೌರವ್ವ ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಎದುರು ಕುಳಿತು ತನ್ನ ಎಡ ಅಂಗೈ ಚಾಚುತ್ತಾಳೆ, ನನ್ನ ಲಿಂಗ ಅವಳ ಅಂಗೈಯಲ್ಲಿ ಕೂಡುತ್ತದೆ. ಒಬ್ಬರ ಲಿಂಗ ಇನ್ನೊಬ್ಬರ ಕೈಯಲ್ಲಿ ಕೂಡಬಾರದು ಎಂದು ಮಠದ ಅಯ್ಯನವರು ಮೊದಲು ಸಿಟ್ಟಾದರು, ಆಮೇಲೆ ಸುಮ್ಮನಾದರು. ಈಗ ಗೌರವ್ವನ ಕೈ ನಡುಗುತ್ತದೆ. ಹೋದ ಚಳಿಗಾಲದಲ್ಲಿ ಎರಡು ಸಲ ಲಿಂಗ ಜಾರಿತ್ತು. ನನ್ನದೇ ಅಂಗೈಯಲ್ಲಿ ಒಂದು ಸಲ ಹಿಡಿಯಬೇಕು ಎಂದು ನನಗೆ ಆಸೆ. ಅಷ್ಟೇ ಆಸೆ.

ಗೋಕಾಕಕ್ಕೆ ಮೂವತ್ತು ಕಿಲೋಮೀಟರಿನ ಮೇಲೆ ದಾರಿ, ಒಂದು ತಾಸಿಗೆ ಮುಟ್ಟಿದೆವು. ಮಾರ್ಕೆಟಿನ ಹಿಂದೆ ಹಳೆಯ ಗೋದಾಮಿನ ಮೇಲಿನ ಅಂತಸ್ತನ್ನು ಶಿಬಿರಕ್ಕೆ ಬಾಡಿಗೆ ಹಿಡಿದಿದ್ದರು. ಬಾಗಿಲು ದಾಟಿದವನು ಅಲ್ಲೇ ನಿಂತೆ. ಹಲಗೆಯ ಮೇಲೆ ಒಂಬತ್ತು ಕೈಗಳು ಸಾಲಾಗಿ ಮಲಗಿದ್ದವು. ಬೂದು ಬಣ್ಣ, ಉಗುರಿಲ್ಲ. ನಮ್ಮಿಬ್ಬರನ್ನು ಬಿಟ್ಟು ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ನೋಡುತ್ತಿದ್ದಂತೆ ಮೂರನೆಯ ಕೈ ಮೆಲ್ಲಗೆ ತೋರುಬೆರಳು ಎತ್ತಿ, ಬಾ ಬಾ ಎಂಬಂತೆ ಎರಡು ಸಲ ಮಡಚಿತು. ಆಮೇಲೆ ಮೊದಲಿನಂತೆ ಮಲಗಿತು.

“ಅಂಜಬ್ಯಾಡ ಅಜ್ಜಾ,” ಎಂದಳು ಲೀಲಾ. “ಒಳಗ ಒಬ್ಬಾಕಿ ಅಕ್ಕ ಕುಂತಾಳ. ಕಾಳ ರಾಶಿ ಮಾಡೂ ಮಷೀನಿನಾಗ ಕೈ ಹೋಗೇತಿ. ಆಕಿ ತನ್ನ ಇಲ್ಲದ ಬೆರಳ ಆಡಸಾಕತ್ತಾಳ, ಆ ಸನ್ನೆ ತಂತಿ ಇಲ್ಲದನ ಇಲ್ಲಿಗೆ ಬರತೈತಿ.”

ಗೋಡೆಯ ಆಚೆ ಕುಳಿತವಳ ಇಲ್ಲದ ಬೆರಳು ಈಚೆ ಕೋಣೆಯಲ್ಲಿ ನನ್ನನ್ನು ಕರೆದಿತ್ತು. ಲೀಲಾ ಇದನ್ನು ಅನ್ನ ಬೇಯುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಎದೆ ತುಂಬಿತು. ಇಂಥದು ಮಾಡಬಲ್ಲ ಮಗು ನಮ್ಮ ಮನೆಯಲ್ಲಿ ಹುಟ್ಟಿತಲ್ಲ ಎಂದು.

ನನ್ನ ಮೊಣಕೈಯ ಕೆಳಗೆ ಅಂಟಿನ ಪಟ್ಟಿಗಳನ್ನು ಹಚ್ಚಿದರು. ಗಾಜಿನ ಪರದೆಯ ಮೇಲೆ ಎರಡು ಗೆರೆ, ಕೆಂಪು ಮತ್ತು ನೀಲಿ. ಮುಷ್ಟಿ ಮುಚ್ಚು ಎಂದರು. ಕೆಂಪು ಗೆರೆ ಗುಡ್ಡದಂತೆ ಎದ್ದಿತು, ಮೇಜಿನ ಮೇಲಿದ್ದ ಕೈ ಕಟಕ್ ಎಂದು ಮುಚ್ಚಿತು. ಮುಷ್ಟಿ ತೆರೆ ಎಂದರು. ನಾನು ಬೆವರುವವರೆಗೆ ಪ್ರಯತ್ನಪಟ್ಟೆ. ನೀಲಿ ಗೆರೆ ಸತ್ತ ಹಾವಿನಂತೆ ಸಪಾಟು ಬಿದ್ದಿತ್ತು.

ಮಧ್ಯಾಹ್ನ ರೊಟ್ಟಿ ಊಟವಾದ ಮೇಲೆ ಲೀಲಾ ಕನ್ನಡಿ ತಂದಳು. ನನ್ನ ಎದೆಯ ನಡುವಿಗೆ ಬರುವಂತೆ ಮೇಜಿನ ಮೇಲೆ ನಿಲ್ಲಿಸಿದಳು. ಮೋಟು ತೋಳು ಕನ್ನಡಿಯ ಹಿಂದೆ, ಬಲಗೈ ಮುಂದೆ. ಓರೆಯಾಗಿ ಕನ್ನಡಿಯೊಳಗೆ ನೋಡಿದರೆ, ಬಲಗೈ ಅಲ್ಲಿ ಎಡಗೈಯಾಗಿ ಕಾಣುತ್ತದೆ. ಹೀಗೆ ನೋಡುತ್ತ ನೋಡುತ್ತ ಮುಚ್ಚಿದ ಮುಷ್ಟಿ ತೆರೆದವರು ಬಹಳ ಮಂದಿ ಇದ್ದಾರಂತೆ. ನಾನು ನೋಡಿದೆ. ಮಣ್ಣು ಮಾಡಿದ ಕೈ ಮೇಜಿನ ಮೇಲೆ ಕುಳಿತಿತ್ತು. ಸುಕ್ಕುಗಟ್ಟಿತ್ತು, ನರ ಎದ್ದಿದ್ದವು, ಉಗುರು ಹಳದಿಯಾಗಿದ್ದವು. ನನ್ನ ಕೈ ಹೋದಾಗ ಅದಕ್ಕೆ ಇಪ್ಪತ್ತೆರಡು ವರ್ಷ.

“ತಗಿ ಲೀಲಾ. ಇದು ನನ್ನ ಕೈ ಅಲ್ಲ. ಇವ ಯಾವನೋ ಮುದುಕ,” ಎಂದೆ.

ಶಿಬಿರದ ಮುಖ್ಯಸ್ಥೆ ಮೇಡಂ ಒಳ್ಳೆಯವರು, ಆದರೆ ಖಡಕ್ಕು. ನನ್ನ ಅಳತೆಯ ಕೈ ಒಂದೇ ಇತ್ತು. ನನ್ನ ಹಿಂದೆ ಒಬ್ಬ ಮಾಸ್ತರರು ಅದಕ್ಕೆ ಕಾದಿದ್ದರು. “ಶನಿವಾರ ಮಧ್ಯಾಹ್ನದ ಒಳಗ ತೆರೆಯೋ ಸನ್ನೆ ಬರದಿದ್ರೆ ಮಾಸ್ತರಿಗೆ ಕೊಡಬೇಕಾಗತದ, ಅಜ್ಜಾರ. ನಮ್ಮ ಲೀಲಾನ ಅಜ್ಜ ಅಂತ ನಿಮಗ ಕೊಡಾಕ ಬರೂದಿಲ್ಲ,” ಎಂದರು. ಅವರ ಮಾತು ನ್ಯಾಯದ್ದು. ಲೀಲಾ ತಲೆ ತಗ್ಗಿಸಿ ನಿಂತಿದ್ದಳು. ಅವಳ ಆ ಮುಖ ನೋಡಲು ನನಗೆ ಆಗಲಿಲ್ಲ.

ಸಂಜೆ ನನ್ನ ಮನಸ್ಸು ಹಗುರ ಮಾಡಲು ಆಟೋದಲ್ಲಿ ಫಾಲ್ಸಿಗೆ ಕರೆದೊಯ್ದಳು. ಬೇಸಿಗೆಯಲ್ಲಿ ಅಲ್ಲಿ ಏನಿರುತ್ತದೆ. ಅಷ್ಟಗಲದ ಕರಿ ಬಂಡೆ, ಅದರ ಮೇಲೆ ಒಂದೇ ಒಂದು ಬಿಳಿ ದಾರದಂಥ ನೀರು. ದಡ್ಡಿಯಲ್ಲಿ ನನ್ನ ಕೈಯ ಮೇಲೆ ನಿಂತ ನೀರೇ ಮುಂದೆ ಹರಿದು ಬಂದು ಇಲ್ಲಿ ಬೀಳುತ್ತದೆ ಎಂದು ಅವಳಿಗೆ ಹೇಳಿದೆ. ಕರದಂಟು ಕಡಿಯುತ್ತಿದ್ದವಳು ನಿಲ್ಲಿಸಿದಳು. ಚೀಲದಿಂದ ಬರೆಯುವ ವಹಿ ತೆಗೆದಳು.

“ಅಜ್ಜಾ, ನಿನ್ನ ಮುಷ್ಟಿ ಹ್ಯಾಂಗ ಮುಚ್ಚೇತಿ? ಬಲಗೈಲೆ ತೋರಸು.”

ನಾನು ಬಲಗೈ ಮಡಚಿ ತೋರಿಸಿದೆ. ಹೆಬ್ಬೆರಳು ಒಳಗೆ, ಅದರ ಮೇಲೆ ನಾಲ್ಕು ಬೆರಳು. ಕಿರುಬೆರಳು ಮಾತ್ರ ಪೂರ್ತಿ ಕೂಡಿಲ್ಲ, ತುಸು ಎದ್ದಿದೆ. ಒಳಗೆ ಏನೋ ಗಟ್ಟಿಯಾದದ್ದು. ಮಣಿಕಟ್ಟಿನ ಹತ್ತಿರದಿಂದ ಬೆರಳಿನ ಗಂಟುಗಳ ಮೇಲೆ ಹಾದು ಏನೋ ಬಿಗಿದಂತೆ. ಲೀಲಾ ಹಾಗೇ ಚಿತ್ರ ಬರೆದುಕೊಂಡಳು.

“ಮಣ್ಣ ಮಾಡೂದ ನೀ ನೋಡಿಯೇನು?”

“ನನಗ ಎಚ್ಚರ ಎಲ್ಲಿತ್ತವ್ವಾ.”

“ಯಾರ ನೋಡ್ಯಾರ?”

“ನಮ್ಮವ್ವ. ಮತ್ತ ಗಾಣದ ಇಂಜಿನ್ ನಡಸತಿದ್ದ ಮೀರಾಸಾಬ. ಕುಣಿ ತೋಡಿದಾಂವ ಅವನ. ಇದ್ದಾನೋ ಇಲ್ಲೋ.”

“ಹಂಗಾರ ಹೋಗಿ ಕೇಳೂಣು,” ಎಂದಳು. ಬೇರೆ ಯಾರಾದರೂ ಆಗಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದರು. ಅವಳು ಮೇಡಮ್ಮರನ್ನು ಕೇಳಿ, ಕೈಯನ್ನೂ ಪಟ್ಟಿಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೆನ್ನಿಗೇರಿಸಿದಳು.

ಗುರುವಾರ ಹತ್ತರ ಬಸ್ಸಿಗೆ ಹುಕ್ಕೇರಿಗೆ ಹೊರಟೆವು. ಘಟಪ್ರಭಾ ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಬ್ಬು ಕಡಿದ ಬೋಳು ಹೊಲ. ಪೆಟ್ಟಿಗೆ ಲೀಲಾಳ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದಂತೆ ಸಪ್ಪಳ ಬರುತ್ತಿತ್ತು. ಎದುರಿನ ಸೀಟಿನ ಹೆಣ್ಣುಮಗಳು, “ಕೋಳಿಮರಿ ಏನ್ರಿ?” ಎಂದು ಕೇಳಿದಳು. “ಕೈ” ಎಂದೆ. ಅವಳು ಮುಂದಿನ ನಿಲ್ದಾಣದಲ್ಲಿ ಎದ್ದು ಬೇರೆ ಸೀಟಿಗೆ ಹೋದಳು. ಬೆಲ್ಲದ ಬಾಗೇವಾಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಳಿದು ಮನೆಗೆಂದು ಎರಡು ಕಿಲೋ ಬೆಲ್ಲ ಕೊಂಡೆ. ಅದನ್ನು ಕಾಗದದಲ್ಲಿ ಸುತ್ತಿ ನನ್ನ ಬಟ್ಟೆಯ ಚೀಲದಲ್ಲಿಟ್ಟೆ. ಇದನ್ನು ನೆನಪಿಟ್ಟು ಬರೆಯುತ್ತಿದ್ದೇನೆ: ಬೆಲ್ಲ ನನ್ನ ಚೀಲದಲ್ಲಿ, ಕೈ ಅವಳ ಪೆಟ್ಟಿಗೆಯಲ್ಲಿ.

ಹುಕ್ಕೇರಿಯಲ್ಲಿ ಗೌರವ್ವನ ತಂಗಿಯ ಮನೆಯಲ್ಲಿ ಇಳಿದೆವು. ಅಲ್ಲಿಯೂ ಲೀಲಾಳ ಸುದ್ದಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡೆ. ಸಂಜೆ ಐದರ ಸುಮಾರಿಗೆ ಅಂಗಳದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು. ಆಕಾಶ ಬಿಳಿ ಬಿಸಿಲು, ಮೋಡದ ಸುಳಿವಿಲ್ಲ. ನನ್ನ ಎಡಗೈಯ ಮೇಲೆ ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ದಪ್ಪ ದಪ್ಪ ಹನಿ. ನಾನು ಚಹಾದ ಬಸಿ ಕೆಳಗಿಟ್ಟೆ.

“ಏನಾತ ಅಜ್ಜಾ?”

“ಅಲ್ಲಿ ಮಳಿ ಬರಾಕತ್ತೇತಿ.”

ಲೀಲಾ ಗಡಿಯಾರ ನೋಡಿ ವಹಿಯಲ್ಲಿ ಬರೆದುಕೊಂಡಳು.

ಶುಕ್ರವಾರ ಬೆಳಿಗ್ಗೆ ದಡ್ಡಿಯ ಬಸ್ಸು ಹತ್ತಿದೆವು. ಗುಡ್ಡ ಏರಿ ಇಳಿಯುವ ದಾರಿ. ಇಳಿಯುವ ಮುಂಚೆ ಲೀಲಾ ನನಗೆ ಕಟ್ಟುನಿಟ್ಟು ಹೇಳಿದಳು: “ಮುಷ್ಟಿ ಹ್ಯಾಂಗ ಐತಿ ಅನ್ನೂದ ನೀ ಬಾಯಿ ಬಿಡಬ್ಯಾಡ. ನಿನ್ನೆ ಮಳಿ ಅಂದದ್ದೂ ಹೇಳಬ್ಯಾಡ. ಅವರ ತಾವಾಗಿ ಹೇಳಲಿ.” ಅದು ಅವರ ಕೆಲಸದ ಪದ್ಧತಿಯಂತೆ. ಸಾಕ್ಷಿಯ ಬಾಯಿಗೆ ನಾವು ಮಾತು ಹಾಕಬಾರದು.

ಮೀರಾಸಾಬ ಇದ್ದ. ಹೊಲ ಮುಳುಗಿದ ಮೇಲೆ ಅವನು ಮೀನು ಹಿಡಿಯಲು ಕಲಿತಿದ್ದನಂತೆ. ಮನೆಯ ಮುಂದೆ ಬಲೆ ಹೊಲಿಯುತ್ತ ಕುಳಿತಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ನನ್ನ ತೋಳು ನೋಡಿದ.

“ಮಲ್ಲ್ಯಾ?”

“ತೋಳ ನೋಡಿ ಗುರ್ತ ಹಿಡದಿ ನೋಡ. ಮಾರಿ ನೋಡಿ ಹಿಡೀಲಿಲ್ಲ.”

“ಮಾರಿ ಹಾಳಾಗೇತಿ. ತೋಳ ಇದ್ದಂಗ ಐತಿ,” ಎಂದ. ಎದ್ದು ಬಂದು ಮೋಟು ತೋಳನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಲೀಲಾಳನ್ನು ನೋಡಿ, “ಯಾರ ಇಕಿ?” ಎಂದ. ಇಷ್ಟು ಕೇಳಿದ್ದೇ ಸಾಕಾಯಿತು. ನಾನು ಶುರು ಮಾಡಿದೆ. ಅವನ ಸೊಸೆ ಚಹಾ ಕಾಸಿ ತಂದು, ನಾವು ಕುಡಿದು, ಬಸಿ ಒಣಗಿದರೂ ನನ್ನ ಮಾತು ಮುಗಿದಿರಲಿಲ್ಲ. “ಆತ ಬಿಡಪಾ, ನಿನಗ ಒಬ್ಬಾಕಿ ಮೊಮ್ಮಗಳು. ನನಗ ಹನ್ನೊಂದ ಅದಾವು, ನಾ ಹಿಂಗ ಶುರು ಮಾಡಿದ್ರ ನೀ ಮಳಗಾಲತನಾ ಇಲ್ಲೇ ಕುಂದರಬೇಕಾಗತೈತಿ,” ಎಂದ.

ಹೊಲ ನೋಡಲು ಹೊರಟೆವು. “ಸಾವಕಾಶ ಬರ್ರಿ, ನಿನ್ನೆ ಸಂಜಿಕ ಐದಕ್ಕ ಧೋ ಅಂತ ಮಳಿ ಆತು. ಕೆಸರ ಐತಿ,” ಎಂದ ಮೀರಾಸಾಬ. ಲೀಲಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

ನೀರು ಬಹಳ ಹಿಂದೆ ಸರಿದಿತ್ತು. ಅದು ಬಿಟ್ಟುಹೋದ ನೆಲ ಬೂದು ಬಣ್ಣ, ಹುಲ್ಲಿಲ್ಲ, ಹಕ್ಕಿಯ ದನಿಯೂ ಇಲ್ಲ. ಕಣ್ಣು ಹರಿಯುವವರೆಗೆ ಮರಗಳ ಬೊಡ್ಡೆಗಳು, ಕಪ್ಪಗೆ, ಮೊಣಕಾಲೆತ್ತರಕ್ಕೆ. ಒಂದು ಕಾಲದಲ್ಲಿ ಅಂಗಳಗಳಿದ್ದಲ್ಲಿ ಒರಳುಕಲ್ಲುಗಳು ಬಾಯಿ ತೆರೆದು ಬಿದ್ದಿದ್ದವು, ನಿನ್ನೆಯ ಮಳೆಯ ನೀರು ಅವುಗಳಲ್ಲಿ ನಿಂತಿತ್ತು. ನಡೆಯುವಾಗ ನಮ್ಮ ಹೆಜ್ಜೆಯ ಸಪ್ಪಳ ನಮಗೇ ಕೇಳುತ್ತಿರಲಿಲ್ಲ. ಮೀರಾಸಾಬ ಎಡಕ್ಕೆ ಬಲಕ್ಕೆ ನೋಡದೆ, ಇರುವ ಓಣಿಯಲ್ಲಿ ನಡೆದಂತೆ ತಿರುವು ತಿರುವಿಗೆ ತಿರುಗುತ್ತ ನಡೆದ. ನಾನೂ ಹಾಗೇ ತಿರುಗಿದೆ. ಇಲ್ಲದ ಮನೆಗಳ ಮೂಲೆಯನ್ನು ಯಾರೂ ಅಡ್ಡ ಹಾಯಲಿಲ್ಲ.

ನಮ್ಮ ಹುಣಸೆಮರದ ಬೊಡ್ಡೆ ನೀರಿನ ಅಂಚಿನಿಂದ ಹತ್ತು ಮಾರು ಒಳಗಿತ್ತು. ಮೊಣಕಾಲ ಮಟ್ಟದ ನೀರು.

“ಅದರ ಬುಡಕ, ಮೂಡಣ ದಿಕ್ಕಿಗೆ,” ಎಂದ ಮೀರಾಸಾಬ. “ವರ್ಷಾ ನೀರ ಇಳದಾಗ ಬಂದ ನೋಡಕೊಂಡ ಹೊಕ್ಕೇನಿ. ನೀ ಬರಲಿಲ್ಲ, ಯಾರರೆ ನೋಡಬೇಕಲ್ಲ.”

ಲೀಲಾ ಆಗ ಕೇಳಿದಳು: “ಅಜ್ಜಾರ, ಮಣ್ಣ ಮಾಡುವಾಗ ಕೈ ಹ್ಯಾಂಗಿತ್ರಿ? ನೆನಪ ಐತೇನ್ರಿ?”

“ಮರಿಯಾಕ ಆಗತೈತೇನವ್ವಾ,” ಎಂದ ಅವನು. “ಇವನ ಅವ್ವ ಅಂಗೈಯಾಗ ಬೆಲ್ಲ ಇಟ್ಟಳು. ಕೈ ಮುಚ್ಚವಲ್ಲದು, ಬೆಲ್ಲ ಬೀಳಾಕತ್ತು. ಹಾದ್ಯಾಗ ಬಿದ್ದ ಹೋದೀತು, ನನ್ನ ಮಗನ ಕೈ ಹಸದ ಹೋಗತೈತಿ ಅಂತ ಅಳಾಕತ್ತಳು. ನಾ ಒಂದೊಂದ ಬೆರಳ ಹಿಡದ ಮಡಚಿದೆ. ಹೆಬ್ಬಟ್ಟ ಒಳಗ ಸೇರತು. ಹಿಂಗ.”

ಅವನು ತನ್ನ ಎಡಗೈ ಎತ್ತಿ ಮಡಚಿದ. ಹೆಬ್ಬೆರಳು ಒಳಗೆ, ಮೇಲೆ ಬೆರಳುಗಳು, ಕಿರುಬೆರಳು ತುಸು ಎದ್ದಿತ್ತು. “ಕಿರಿಬಳ್ಳ ಮಾತ್ರ ಕೂಡಲಿಲ್ಲ. ಆಮ್ಯಾಲ ಇಂಜಿನ್ನಿನ ಹತ್ತಿ ದಾರ ಇತ್ತು, ಮಣಿಕಟ್ಟಿಂದ ತಂದ ಮ್ಯಾಲ ಸುತ್ತಿ ಗಂಟ ಹಾಕಿದೆ. ಬಿಚ್ಚಬಾರದಂಥಾ ಗಂಟ ಹಾಕೋ ಅಂದಳು ನಿಮ್ಮ ಮುತ್ತಜ್ಜಿ. ಹಾಕಿದೆ.”

ಲೀಲಾ ವಹಿ ತೆರೆದಳು. ಬುಧವಾರ ಸಂಜೆ ಬರೆದ ಚಿತ್ರವನ್ನು ಅವನ ಮುಷ್ಟಿಯ ಪಕ್ಕದಲ್ಲಿ ಹಿಡಿದಳು. “ಕೈ ಹೋದಾಗಿಂದ ನನಗ ಮುಷ್ಟಿ ಹಿಂಗ ಮುಚ್ಚೇ ಐತಿ, ತೆರಿಯಾಕ ಬರೂದಿಲ್ಲ,” ಎಂದೆ ನಾನು. ಮೀರಾಸಾಬ ಚಿತ್ರ ನೋಡಿದ, ನನ್ನನ್ನು ನೋಡಿದ, ನೆಲದ ಮೇಲೆ ಕುಕ್ಕರಿಸಿದ.

“ಐವತ್ತ ವರ್ಷ?” ಎಂದ.

“ಹತ್ತಿರ ಬಂತು.”

“ನಾ ಅದ ಪುಣ್ಯಾದ ಕೆಲಸ ಅಂತ ತಿಳಕೊಂಡಿದ್ದೆ, ಮಲ್ಲಾ.”

“ಪುಣ್ಯಾದ್ದ ಐತಿ ಬಿಡ. ಕೈಗೆ ಬಿಗಿ ಆಗೇತಿ ಅಷ್ಟ.”

ಮೀರಾಸಾಬ ನೆಲಕ್ಕೆ ಕೈ ಊರಿದ. ಆಮೇಲೆ ಎದ್ದು ಲುಂಗಿ ಮೇಲೆ ಕಟ್ಟಿದ. “ನಾ ಹಾಕಿದ ಗಂಟ ನಾನ ಬಿಚ್ಚಬೇಕು. ಬಾ.”

ಲೀಲಾ ಬೇಡ ಎನ್ನಲಿಲ್ಲ. ಪೆಟ್ಟಿಗೆ ತೆರೆದು ನನ್ನ ತೋಳಿಗೆ ಪಟ್ಟಿ ಹಚ್ಚಿದಳು. ಯಂತ್ರದ ಕೈಯನ್ನು ದಂಡೆಯ ಒಂದು ಒರಳುಕಲ್ಲಿನ ಅಂಚಿಗೆ ಟವೆಲ್ ಹಾಸಿ ಮಲಗಿಸಿದಳು. ಅದು ಮುಷ್ಟಿ ಮುಚ್ಚಿ ಮಲಗಿತು. ಅವಳು ಅದರಿಂದ ನಾಲ್ಕು ಹೆಜ್ಜೆ ದೂರ ನಿಂತಳು, ಮುಟ್ಟಿದಳು ಎಂದು ನಾಳೆ ಯಾರೂ ಅನ್ನಬಾರದೆಂದು.

ನಾವಿಬ್ಬರು ಮುದುಕರು ನೀರಿಗೆ ಇಳಿದೆವು. ಮೇಲಿನ ನೀರು ಬಿಸಿ, ಕೆಳಗೆ ಹಿಮದಂಥ ತಂಪು. ಬೊಡ್ಡೆಯ ಹತ್ತಿರ ನಾನು ಬಗ್ಗಿ ತೋಳಿನ ತುದಿಯನ್ನು ಮಾತ್ರ ನೀರಿಗೆ ಇಳಿಸಿದೆ. ಅದೇ ತಂಪು. ಮೂಡಲಗಿಯ ಕಟ್ಟೆಯ ಮೇಲೆ ಕುಳಿತು ಇಷ್ಟು ವರ್ಷ ಉಂಡ ತಂಪು ಅದು, ತಪ್ಪಿಲ್ಲ. ಮೀರಾಸಾಬ ನನ್ನ ಎದುರು ಬಗ್ಗಿ ಎರಡೂ ಕೈ ನೀರಿನಲ್ಲಿ ಹಾಕಿದ. ಮಣ್ಣು ಕೆದಕಲಿಲ್ಲ. ಸುಮ್ಮನೆ ನೀರಿನಲ್ಲಿ ಬೆರಳಾಡಿಸುತ್ತ, ಗಂಟಿನ ತುದಿ ಹುಡುಕುವವನಂತೆ ತಡಕಿದ. ಬಲೆ ಹೊಲಿಯುವವನ ಬೆರಳು. ಬಾಯಲ್ಲಿ ತನ್ನ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ನಾನು ಕಣ್ಣು ಮುಚ್ಚಿ ನನ್ನದು ಹೇಳಿಕೊಂಡೆ.

“ನೆನದ ಬಿಗಿದೈತಿ,” ಎಂದ. ಆಮೇಲೆ, “ಹಾಂ, ಬಂತು ನೋಡ.”

ಮಣಿಕಟ್ಟಿನ ಮೇಲಿನ ಬಿಗಿ ಸಡಿಲಾಯಿತು. ಮೊದಲು ಕಿರುಬೆರಳು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಹೊರಬರುವಾಗ ಎಷ್ಟು ನೋವಾಯಿತೆಂದರೆ ನಾನು ಮೀರಾಸಾಬನ ಹೆಗಲು ಕಚ್ಚುವುದೊಂದು ಬಾಕಿ. ಅಂಗೈಗೆ ನೀರು ತಾಗಿತು. ಗಾಳಿ ಕಾಣದ ಅಂಗೈಗೆ ಅಷ್ಟು ವರ್ಷದ ಮೇಲೆ ನೀರು ತಾಗಿತು.

ದಂಡೆಯಿಂದ ಲೀಲಾಳ ದನಿ ಬಂತು, ಬಹಳ ಮೆಲ್ಲಗೆ. “ಅಜ್ಜಾ. ಅಲ್ಲೇ ನಿಂದರು. ಅಳ್ಳಾಡಬ್ಯಾಡ.”

ಕಣ್ಣು ತೆರೆದು ನೋಡಿದೆ. ಒರಳುಕಲ್ಲಿನ ಮೇಲೆ, ಹತ್ತಿರ ಯಾರೂ ಇಲ್ಲದಲ್ಲಿ, ಬೂದು ಕೈ ಒಂದೊಂದೇ ಬೆರಳು ಬಿಚ್ಚುತ್ತಿತ್ತು. ಕಿರ್ ಕಿರ್ ಎಂಬ ಸಣ್ಣ ಸಪ್ಪಳ ಆ ಬಯಲಿನಲ್ಲೆಲ್ಲ ಕೇಳುತ್ತಿತ್ತು. ಪೂರ್ತಿ ತೆರೆದು, ಅಂಗೈ ಆಕಾಶಕ್ಕೆ ಮಾಡಿ ನಿಂತಿತು.

ಲೀಲಾ ಗಡಿಯಾರ ನೋಡಿ ಬರೆಯಲು ಹೋದಳು. ಪೆನ್ನು ವಹಿಯ ಮೇಲೆ ಇಟ್ಟವಳು ಮತ್ತೆ ಎತ್ತಿದಳು. “ಕೈಯ ನರಕ್ಕ ದಾರಿ ಸಿಕ್ಕೇತಿ. ಇದ ಆಗತೈತಿ, ಬಹಳ ಮಂದಿಗೆ ಆಗೇತಿ. ಆದರ ಇದನ್ನ ನಾ ಹ್ಯಾಂಗ ಬರೀಲಿ ಅಜ್ಜಾ?” ಎಂದಳು. ನನಗೆ ಬರೆಯಲು ಬರುವುದು ನಾಲ್ಕನೆಯ ಇಯತ್ತೆಯಷ್ಟು. ಆದದ್ದು ಆದಂತೆ ಬರಿ ಎಂದೆ. ನಾನೂ ಅಷ್ಟೇ ಮಾಡಿದ್ದೇನೆ.

ಬಸ್ಸಿಗೆ ಹತ್ತಿಸಲು ಮೀರಾಸಾಬ ಬಂದ. ಅವನ ಕೈ ಒದ್ದೆಯಾಗೇ ಇತ್ತು, ಒರೆಸಿಕೊಂಡಿರಲಿಲ್ಲ. ಗುಡ್ಡ ಏರುವಾಗ ಹಿಂದಿನ ಗಾಜಿನಿಂದ ನೋಡಿದೆ. ನೀರು ಬೆಳ್ಳಗೆ ಹೊಳೆಯುತ್ತಿತ್ತು, ಅದರ ಅಂಚಿನಲ್ಲಿ ಕಪ್ಪು ಬೊಡ್ಡೆಗಳು. ನನ್ನ ಎಡಗೈಯಲ್ಲಿ ತಂಪೂ ಇರಲಿಲ್ಲ, ತುರಿಕೆಯೂ ಇರಲಿಲ್ಲ. ಅಲ್ಲಿ ಬಿಟ್ಟು ಬಂದಂತೆ ಅನಿಸಿತು. ಇನ್ನು ಕಟ್ಟೆಗೆ ಬಂದು ಡ್ಯಾಮಿನ ನೀರು ಕೇಳುವವರಿಗೆ ಏನು ಹೇಳಲಿ ಎಂಬ ಚಿಂತೆಯೂ ಬಂತು.

ಶನಿವಾರ ಹನ್ನೊಂದಕ್ಕೆ ಗೋಕಾಕದಲ್ಲಿ ಮೇಡಮ್ಮರ ಎದುರು ಇಪ್ಪತ್ತು ಸಲ ತೆರೆದು ಮುಚ್ಚಿ ತೋರಿಸಿದೆ. ನೀಲಿ ಗೆರೆ ಪ್ರತಿ ಸಲ ಎದ್ದಿತು. ಕಾದಿದ್ದ ಮಾಸ್ತರರೇ ಮೊದಲು ಚಪ್ಪಾಳೆ ತಟ್ಟಿದರು. ಅವರ ಅಳತೆಯ ಇನ್ನೊಂದು ಕೈ ಮುಂದಿನ ತಿಂಗಳು ಬರುತ್ತದಂತೆ, ಬರಲಿ. ಕೈಯನ್ನು ನನ್ನ ತೋಳಿಗೆ ಕೂಡಿಸಿದರು. ಲೀಲಾಳ ತಲೆಯ ಮೇಲೆ ಎರಡೂ ಕೈ ಇಟ್ಟೆ. ಎರಡೂ ಕೈ ಎಂದು ಬರೆಯುವುದಕ್ಕೇ ಈ ಪುಟ ಇಲ್ಲಿವರೆಗೆ ಬಂದದ್ದು. ಅವಳನ್ನು ಶಿಬಿರದಲ್ಲಿ ಬಿಟ್ಟು ಸಂಜೆಯ ಬಸ್ಸಿಗೆ ಮೂಡಲಗಿಗೆ ಬಂದೆ. ಗೌರವ್ವ ಕೈಯನ್ನು ತಿರುಗಿಸಿ ನೋಡಿ, “ಚಲೋ ಐತ್ರಿ. ಉಗುರ ಹಚ್ಚಬೇಕಿತ್ತು,” ಎಂದಳು. ಒದ್ದೆ ಬಟ್ಟೆಯಿಂದ ಒರೆಸಿ ದೇವರ ಗೂಡಿನ ಕೆಳಗೆ ಇಟ್ಟಳು. ಬೆಲ್ಲವನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟು ಮುಚ್ಚಿದಳು.

ರವಿವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಕೈ ಕೂಡಿಸಿಕೊಳ್ಳಲು ಹೋದೆ. ಗೋಡೆಯ ಬುಡದಿಂದ ಒಂದು ಗೆರೆ ಇರುವೆ. ಅಡುಗೆಮನೆಯ ಕಡೆಯಿಂದಲ್ಲ, ಅಂಗಳದಿಂದ. ಮಣಿಕಟ್ಟು ಏರಿ, ತೆರೆದ ಅಂಗೈಯ ನಡುವೆ ಬಂದು, ಒಂದು ರೂಪಾಯಿಯಷ್ಟು ಜಾಗದಲ್ಲಿ ಕಪ್ಪಗೆ ಮುಕುರಿದ್ದವು. ಉಳಿದ ಕೈ ಸ್ವಚ್ಛವಿತ್ತು. ನಾನು ಫೋನು ಹಚ್ಚಿ ಲೀಲಾಳಿಗೆ ಹೇಳಿದೆ. “ಬಸ್ಸಿನಾಗ ಎಲ್ಲೋ ಬೆಲ್ಲ ಹತ್ತಿರಬೇಕು, ಅಜ್ಜಾ,” ಎಂದಳು. ಇರಬೇಕು ಎಂದೆ.

ಗೌರವ್ವ ನೋಡಿದಳು. ಝಾಡಿಸಲು ಕೈ ಎತ್ತಿದವಳು ಇಳಿಸಿದಳು. “ಅತ್ತಿ ಕೊಟ್ಟದ್ದು. ತಿಂದ ಹೋಗಲಿ ಬಿಡ್ರಿ,” ಎಂದು ನನ್ನ ಎದುರಿಗೆ ಮಣೆ ಹಾಕಿಕೊಂಡು ಕುಳಿತಳು. ವಿಭೂತಿ ಒಣಗಿತು, ಪತ್ರಿ ಬಾಡಿತು. ಇರುವೆಗಳು ಒಂದೊಂದಾಗಿ ಇಳಿದು ಅಂಗಳ ದಾಟುವವರೆಗೆ ನಾವಿಬ್ಬರೂ ಪೂಜೆಗೆ ಕಾದೆವು. ಆಮೇಲೆ ಕೈ ಕೂಡಿಸಿಕೊಂಡು ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟೆ. ಕೈ ನಡುಗಲಿಲ್ಲ. ಅದರ ಕೆಳಗೆ ಗೌರವ್ವ ರೂಢಿಯಂತೆ ತನ್ನ ಅಂಗೈ ಚಾಚಿದ್ದಳು. ನಾನು ತೆಗೆ ಎನ್ನಲಿಲ್ಲ.